ಗಾಜಿನೊಳಗಿನ ಮಣ್ಣಿನ ಮುಖ

ಟಿಕೋಟಾ, ಬಬಲೇಶ್ವರದ ಓಣಿಗಳಲ್ಲಿ ಗೋಲಿ ಆಡಿ ಬೆಳೆದವರನ್ನೆಲ್ಲ ಒಂದು ಪ್ರಶ್ನೆ ಕಾಡಿರುತ್ತದೆ: ಗಾಜಿನ ಗೋಲಿಯೊಳಗೆ ಆ ಬಣ್ಣದ ಎಳೆ ಹೋದದ್ದಾದರೂ ಹೇಗೆ? ಎಳೆಯ ಬದಲು ಅಲ್ಲಿ ಮನುಷ್ಯನ ಮುಖವೇ ಬೆಳ್ಳಿಯಂತೆ ಹೊಳೆಯುತ್ತ ಕುಳಿತಿದ್ದರೆ? ಇನ್ನೂರು ವರ್ಷಗಳ ಹಿಂದೆ ಯುರೋಪಿನ ಗಾಜುಗಾರರು ಇದನ್ನೇ ಮಾಡಿದ್ದರು. ಹಳೆಯ ವಸ್ತುಗಳ ಸಂಗ್ರಾಹಕರು ಇದನ್ನು ‘ಸಲ್ಫೈಡ್’ ಎಂದು ಕರೆಯುತ್ತಾರೆ.

ಬೊಹೀಮಿಯಾದಲ್ಲಿ 18ನೇ ಶತಮಾನದಲ್ಲಿ ಮೊದಲ ಪ್ರಯತ್ನಗಳು ನಡೆದವು. ಫ್ರಾನ್ಸಿನಲ್ಲಿ ಕಲೆ ಪಳಗಿತು. 1819ರಲ್ಲಿ ಲಂಡನ್ನಿನ ಆಪ್ಸ್ಲಿ ಪೆಲ್ಲಾಟ್ ಇದಕ್ಕೆ ಪೇಟೆಂಟ್ ಪಡೆದರು. ಬಿಳಿ ಜೇಡಿಮಣ್ಣಿನ ಮಿಶ್ರಣವನ್ನು ಅಚ್ಚಿಗೆ ಹಾಕಿ, ಮುಖದ ಉಬ್ಬುಚಿತ್ರ ತೆಗೆದು, ಒಣಗಿಸಿ ಸುಡುತ್ತಿದ್ದರು. ಕಾದ ಗಾಜನ್ನು ಚೀಲದಂತೆ ಊದಿ, ಬಿಸಿಮಾಡಿದ ಚಿತ್ರವನ್ನು ಅದರೊಳಗೆ ಜಾರಿಸಿ, ಬಾಯಿ ಮುಚ್ಚುತ್ತಿದ್ದರು. ಒಳಗಿನ ಗಾಳಿಯನ್ನು ಹೀರಿ ತೆಗೆದರೆ ಗಾಜು ಚಿತ್ರಕ್ಕೆ ಅಂಟಿಕೊಳ್ಳುತ್ತಿತ್ತು. ಉಳಿದ ತೆಳು ಗಾಳಿಯ ಪದರವೇ ಆ ಬೆಳ್ಳಿಯ ಹೊಳಪಿಗೆ ಕಾರಣ. ತಣಿಯುವಾಗ ಮಣ್ಣು, ಗಾಜು ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಇಲ್ಲವಾದರೆ ಬಿರುಕು ಖಚಿತ.

ಇಷ್ಟೆಲ್ಲ ಶ್ರಮ ಯಾರ ಮುಖಕ್ಕಾಗಿ? ನೆಪೋಲಿಯನ್, ನಾಲ್ಕನೇ ಜಾರ್ಜ್, ವೆಲಿಂಗ್ಟನ್ ಡ್ಯೂಕ್ ಮುಂತಾದವರಿಗಾಗಿ. 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದಲ್ಲಿ ಹೋರಾಡಿದ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. ಅರಸರು, ದಂಡನಾಯಕರು ಶ್ರೀಮಂತರ ಮೇಜಿನ ಮೇಲೆ, ಸುಗಂಧದ ಬಾಟಲಿಗಳಲ್ಲಿ ಭದ್ರವಾಗಿ ನೆಲೆಸಿದರು. ಗಾಜು ಒಡೆಯುವವರೆಗೆ ಆ ಮುಖಗಳಿಗೆ ಧೂಳಿಲ್ಲ, ತೇವವಿಲ್ಲ, ಯಾರ ಕೈಯೂ ತಾಗದು.

ನಮ್ಮ ಜಿಲ್ಲೆಯ ಹಳೆಯ ಮುಖಗಳಿಗೆ ಈ ಭಾಗ್ಯವಿಲ್ಲ. ವಿಜಯಪುರದಿಂದ ಸಿಂದಗಿ ಕಡೆಗೆ ಹೊರಟರೆ ಸಿಗುವ ಕುಮಟಗಿಯಲ್ಲಿ ಆದಿಲ್‌ಶಾಹಿ ಕಾಲದ ಜಲಮಂಟಪಗಳಿವೆ. ಅವುಗಳ ಗೋಡೆಗಳ ಮೇಲೆ ಕುಸ್ತಿಪಟುಗಳು, ಕುದುರೆಯೇರಿ ಪೋಲೊ ಆಡುವವರ ಚಿತ್ರಗಳಿದ್ದವು. 1916ರಲ್ಲಿ ಪ್ರಕಟವಾದ ಹೆನ್ರಿ ಕಸಿನ್ಸ್ ಅವರ ಗ್ರಂಥದಲ್ಲಿ ಇವುಗಳ ವಿವರಣೆ ದೊರೆಯುತ್ತದೆ. ಇಂದು ಬಹುಪಾಲು ಚಿತ್ರಗಳು ಮಾಸಿವೆ, ಗಾರೆ ಉದುರಿದಲ್ಲಿ ಅಳಿದೇ ಹೋಗಿವೆ.

ಗೆದ್ದ ದಂಡನಾಯಕನ ಮುಖವನ್ನು ಕಾಯಲು ಗಾಜಿನ ಕೋಟೆಯಿತ್ತು. ಕುಮಟಗಿಯ ಹೆಸರಿಲ್ಲದ ಕುಸ್ತಿಪಟುವನ್ನು ಕಾಯಬೇಕಾದವರು ನಾವು. ಅಲ್ಲಿಗೆ ಹೋದವರು ಗೋಡೆ ಮುಟ್ಟದೆ, ಹೆಸರು ಗೀಚದೆ ನೋಡಿ ಬಂದರೆ ಅಷ್ಟರಮಟ್ಟಿಗೆ ಆ ಮುಖಗಳಿಗೂ ಒಂದು ಗಾಜಿನ ಮರೆ ಸಿಕ್ಕಂತೆ.