ಫೋಮ್ ಏಟು, ಇಂಗಾಲದ ರೆಕ್ಕೆ

2003ರ ಜನವರಿ 16. ಕೊಲಂಬಿಯಾ ನೌಕೆ ನೆಲ ಬಿಟ್ಟು 81 ಸೆಕೆಂಡು ಕಳೆದಿತ್ತು. ಇಂಧನ ಟ್ಯಾಂಕಿನ ಹೊರಮೈಯಿಂದ ಫೋಮಿನ ತುಂಡೊಂದು ಕಳಚಿ ಎಡರೆಕ್ಕೆಯ ಮುಂದಿನ ಅಂಚಿಗೆ ಬಡಿಯಿತು. ಅದರ ತೂಕ ಸುಮಾರು ಮುಕ್ಕಾಲು ಕಿಲೋ. ಪೆಟ್ಟು ತಿಂದದ್ದು ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಕೂರಿಸಿ, ಸುಟ್ಟು ಇಂಗಾಲವಾಗಿಸಿದ ಗಟ್ಟಿ ಫಲಕ. ಥರ್ಮೊಕೋಲಿನಂಥ ಹಗುರ ವಸ್ತು ಅದನ್ನೇನು ಮಾಡೀತು ಎಂದು ಎಷ್ಟೋ ಎಂಜಿನಿಯರುಗಳು ನಂಬಿದ್ದರು. ಫೆಬ್ರವರಿ 1ರಂದು ಭೂಮಿಗೆ ಮರಳುವ ದಾರಿಯಲ್ಲಿ ನೌಕೆ ಒಡೆದುಹೋಯಿತು; ಕಲ್ಪನಾ ಚಾವ್ಲಾ ಸೇರಿ ಅದರಲ್ಲಿದ್ದ ಏಳೂ ಮಂದಿ ಮರಳಿ ಬರಲಿಲ್ಲ.

ಬೆಂಗಳೂರಿನಲ್ಲಿ ಇಂಥ ಪದರಗಳ ಲೆಕ್ಕ ಹಾಕುತ್ತಲೇ ಉದ್ಯೋಗ ಮುಗಿಸಿದವಳು ನಾನು. ಆ ದಿನದ ಸಂಕಟ ಇನ್ನೂ ಆರಿಲ್ಲ. ಲೋಹಕ್ಕೆ ಏಟು ಬಿದ್ದರೆ ತಗ್ಗು ಕಾಣುತ್ತದೆ. ವಿಮಾನಗಳ ಕಾರ್ಬನ್ ಕಾಂಪೊಸಿಟ್‌ನಲ್ಲಿ ಮೇಲೆ ಗೀರೂ ಕಾಣದೆ ಒಳಗೆ ಪದರ ಬಿಟ್ಟುಕೊಂಡಿರಬಹುದು. ಮುಂದೆ ಒತ್ತಡ ಬಂದಾಗ ಅಲ್ಲೇ ಬಾಗಿ ಮುರಿಯುತ್ತದೆ.

ಇಂಥ ಹಾನಿಯನ್ನು ಲೆಕ್ಕದಿಂದ ಅಂದಾಜಿಸುವ ಒಂದು ದಾರಿ ಫೈನೈಟ್ ಎಲಿಮೆಂಟ್ ವಿಧಾನ. ಫಲಕವನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಭಾಗಿಸಿ, ಏಟಿನ ಒಂದೊಂದು ಮೈಕ್ರೊಸೆಕೆಂಡಿನಲ್ಲೂ ಪ್ರತಿ ತುಂಡು ಎಷ್ಟು ಸರಿಯಿತು, ಯಾವ ನೂಲು ಹರಿಯಿತು ಎಂದು ಲೆಕ್ಕ ಹಾಕುವುದು. ವಿಧಾನಕ್ಕೆ ಆ ಹೆಸರಿಟ್ಟದ್ದು 1960ರಲ್ಲಿ ರೇ ಕ್ಲಫ್. ಡಿಕ್ಕಿಯಂಥ ಕ್ಷಣಾರ್ಧದ ಘಟನೆಗಳಿಗೆ ಜಾನ್ ಹಾಲ್‌ಕ್ವಿಸ್ಟ್ 1976ರಲ್ಲಿ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಡೈನಾ3ಡಿ ಎಂಬ ತಂತ್ರಾಂಶ ಬರೆದರು. ಇಂದಿನ ಎಲ್ಎಸ್-ಡೈನಾ ಅದರದೇ ಸಂತಾನ.

ಅಂದರೆ 2003ರಲ್ಲಿ ಸಾಧನವಿತ್ತು. ಆದರೆ ನೌಕೆ ಮೇಲಿದ್ದಾಗ ಎಂಜಿನಿಯರುಗಳ ಕೈಗೆ ಸಿಕ್ಕಿದ್ದು 'ಕ್ರೇಟರ್' ಎಂಬ ಹಳೆಯ ಸೂತ್ರ. ಅದು ಶಾಖ ತಡೆಯುವ ಟೈಲ್‌ಗಳಿಗೆಂದು ಮಾಡಿದ್ದು; ಅದರ ಹಿಂದಿದ್ದ ಪ್ರಯೋಗಗಳಲ್ಲಿ ಬಳಸಿದ್ದು ಸಣ್ಣ ಚೂರುಗಳು. ಈ ಫೋಮ್ ಅವಕ್ಕಿಂತ ನೂರಾರು ಪಟ್ಟು ದೊಡ್ಡದು. ಇಂಗಾಲದ ಫಲಕಕ್ಕೆ ಬಳಸಿದ ಇನ್ನೊಂದು ಲೆಕ್ಕ ಮಂಜುಗಡ್ಡೆಯ ಚೂರುಗಳ ಪರೀಕ್ಷೆಯಿಂದ ಬಂದದ್ದು. ಎರಡೂ ತಮ್ಮ ಎಲ್ಲೆ ಮೀರಿ ದುಡಿಯಬೇಕಾಯಿತು.

ಅದೇ ವರ್ಷ ಜುಲೈ 7ರಂದು ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ದುರಂತದ ತನಿಖೆ ನಡೆಸುತ್ತಿದ್ದವರು ಅನಿಲದ ತುಪಾಕಿಯಿಂದ ಅಷ್ಟೇ ತೂಕದ ಫೋಮನ್ನು ಗಂಟೆಗೆ ಸುಮಾರು 850 ಕಿಲೋಮೀಟರ್ ವೇಗದಲ್ಲಿ ಎಡರೆಕ್ಕೆಯ ಅಂಚಿನ ಎಂಟನೇ ಫಲಕದತ್ತ ಹಾರಿಸಿದರು. ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು. ವಾದ ಅಲ್ಲಿಗೆ ಮುಗಿಯಿತು.

ಆಮೇಲೆ ನಾಸಾದ ಗ್ಲೆನ್, ಲ್ಯಾಂಗ್ಲಿ ಕೇಂದ್ರಗಳೂ ಬೋಯಿಂಗ್ ಕಂಪನಿಯೂ ಸೇರಿ ಮಾಡಿದ ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ. ಅವರು ಫೋಮಿನ, ಫಲಕದ ಚಿಕ್ಕ ಮಾದರಿಗಳನ್ನು ಮೊದಲು ಮುರಿದು ಅಳೆದರು, ಆ ಅಳತೆಗಳನ್ನು ಎಲ್ಎಸ್-ಡೈನಾಕ್ಕೆ ಕೊಟ್ಟರು, ಬಂದ ಉತ್ತರವನ್ನು ದೊಡ್ಡ ಪರೀಕ್ಷೆಗಳೊಂದಿಗೆ ಹೋಲಿಸಿದರು. 2005ರ ಜುಲೈ 26ರಂದು ಡಿಸ್ಕವರಿ ನೌಕೆ ಹಾರಿತು. ಅಂದೂ ಟ್ಯಾಂಕಿನಿಂದ ದೊಡ್ಡ ಫೋಮ್ ತುಂಡೊಂದು ಕಳಚಿತು. ಪುಣ್ಯಕ್ಕೆ ನೌಕೆಗೆ ತಾಗಲಿಲ್ಲ.

ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರೇ, ಪರದೆಯ ಮೇಲೆ ಫಲಿತಾಂಶ ಮೂಡಿದಾಗ ಅದರ ಹಿಂದೆ ಯಾವ ಪರೀಕ್ಷೆಯಿದೆ, ಎಷ್ಟು ದೊಡ್ಡ ತುಂಡು, ಎಷ್ಟು ವೇಗ ಎಂದು ಮೊದಲು ಕೇಳಿ. ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ.