ಮದುವೆಯ ಕಡತಕ್ಕೆ ವಕೀಲರು ಬಂದ ಬಗೆ

1855ರಲ್ಲಿ ಅಮೆರಿಕದ ಪ್ರಜೆಯೊಬ್ಬನನ್ನು ಕೈಹಿಡಿದ ಪರದೇಶದ ಹೆಣ್ಣಿಗೆ ಅರ್ಜಿಯೂ ಬೇಕಿರಲಿಲ್ಲ, ವಕೀಲನೂ ಬೇಕಿರಲಿಲ್ಲ. ಆ ವರ್ಷ ಬಂದ ಕಾಯಿದೆಯ ಪ್ರಕಾರ ಮದುವೆಯ ಗಳಿಗೆಯಲ್ಲೇ ಆಕೆ ಅಮೆರಿಕದವಳಾಗುತ್ತಿದ್ದಳು. ಷರತ್ತು ಇದ್ದದ್ದು ಒಂದೇ: ಆಕೆ ಪೌರತ್ವಕ್ಕೆ ಅರ್ಹವಾದ ಜನಾಂಗದವಳಾಗಿರಬೇಕು. ಅಂದಿನ ಮಟ್ಟಿಗೆ ಅದರ ಅರ್ಥ, ಬಿಳಿಯಳಾಗಿರಬೇಕು. ಹೆಂಡತಿಗೆ ಗಂಡನ ಗುರುತೇ ಗುರುತು ಎಂಬ ಈ ನಂಬಿಕೆ 1907ರಲ್ಲಿ ತಿರುಗುಬಾಣವಾಯಿತು. ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಾಳೆ ಎಂದು ಆ ವರ್ಷದ ಕಾಯಿದೆ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ಎಥೆಲ್ ಮೆಕೆಂಜಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ, ಗಂಡ ಬ್ರಿಟಿಷ್ ಪ್ರಜೆ ಎಂಬ ಕಾರಣಕ್ಕೆ ಅಧಿಕಾರಿಗಳು ಒಲ್ಲೆ ಎಂದರು. ಆಕೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 1915ರಲ್ಲಿ ಸೋತಳು. ಮದುವೆ ಮನೆಯ ವಿಷಯ, ಪೌರತ್ವ ಸರ್ಕಾರದ ವಿಷಯ ಎಂಬ ಗೆರೆ ಅಂದಿನ ಅಮೆರಿಕದ ಕಾನೂನಿನಲ್ಲಿ ಇರಲಿಲ್ಲ.

ಗಂಡ ಹೆಂಡತಿ ಒಂದೇ ದೇಶದಲ್ಲಿ ಬಾಳಬೇಕಾದರೆ ವಕೀಲರ ಬಾಗಿಲು ತಟ್ಟಬೇಕು ಎಂಬುದನ್ನು ಮೊದಲು ಕಂಡುಕೊಂಡವರು ಚೀನೀಯರು. 1875ರ ಪೇಜ್ ಕಾಯಿದೆ ವೇಶ್ಯಾವೃತ್ತಿಯನ್ನು ತಡೆಯುವ ಹೆಸರಿನಲ್ಲಿ ಬಂದಿತ್ತು; ಅದರ ಹೊಡೆತ ತಿಂದವರಲ್ಲಿ ಸಂಸಾರಸ್ಥ ಹೆಂಗಸರೂ ಇದ್ದರು. 1882ರ ಬಹಿಷ್ಕಾರ ಕಾಯಿದೆ ಚೀನೀ ಕೂಲಿಗಳನ್ನು ಹೊರಗಿಟ್ಟಿತು, ವ್ಯಾಪಾರಿಗಳನ್ನು ಒಳಬಿಟ್ಟಿತು. ಆದರೆ ವ್ಯಾಪಾರಿಯ ಹೆಂಡತಿ ಯಾರ ಲೆಕ್ಕ ಎಂಬುದನ್ನು ಅದು ಸ್ಪಷ್ಟವಾಗಿ ಹೇಳಿರಲಿಲ್ಲ. ಗ್ಯೂ ಲಿಮ್ ಎಂಬಾಕೆಯ ಮೊಕದ್ದಮೆಯಲ್ಲಿ 1900ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತು: ವ್ಯಾಪಾರಿಯ ಹೆಂಡತಿಗೆ ಪ್ರತ್ಯೇಕ ಪ್ರಮಾಣಪತ್ರ ಬೇಕಿಲ್ಲ, ಗಂಡನ ಸ್ಥಾನವೇ ಆಕೆಯ ಸ್ಥಾನ. ಹೆಂಡತಿಯನ್ನು ಕರೆಸಿಕೊಳ್ಳಬೇಕಾದವನು ಇನ್ನು ಸಾಬೀತು ಮಾಡಬೇಕಾದದ್ದು ಮದುವೆಯನ್ನಷ್ಟೇ ಅಲ್ಲ, ತನ್ನ ಅಂಗಡಿಯನ್ನೂ. ಹೊರಗೆ ಹೋಗಿ ಮರಳುವ ವ್ಯಾಪಾರಿಯ ಪರವಾಗಿ ಚೀನೀಯರಲ್ಲದ ಇಬ್ಬರು ಸಾಕ್ಷಿ ಹೇಳಬೇಕೆಂದು 1893ರ ತಿದ್ದುಪಡಿ ಕೇಳಿತ್ತು. ಪ್ರಮಾಣಪತ್ರ ಬರೆಯುವುದು, ಸಾಕ್ಷಿಗಳನ್ನು ಹೊಂದಿಸುವುದು, ಹಡಗು ಬಂದ ದಿನ ಬಂದರಿಗೆ ಹೋಗಿ ನಿಲ್ಲುವುದು, ತಡೆದಿಟ್ಟರೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವುದು, ಇಷ್ಟೂ ಸೇರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಹೊಸ ಕಸುಬೇ ಹುಟ್ಟಿತು. ಆ ಊರಿನ ಫೆಡರಲ್ ನ್ಯಾಯಾಲಯಕ್ಕೆ ಬಂದ ಚೀನೀಯರ ಅರ್ಜಿಗಳು ಸಾವಿರಗಳ ಲೆಕ್ಕದಲ್ಲಿದ್ದವು. ಅರ್ಜಿದಾರರು ಗೆಲ್ಲುತ್ತಲೂ ಇದ್ದರು. ಅಧಿಕಾರಿಗಳ ಸಿಟ್ಟಿಗೆ ಅದೇ ಮೂಲ.

ಈ ಕಸುಬಿನ ಮುಂದಿನ ಹಾದಿಯನ್ನು ಎರಡು ತೀರ್ಪುಗಳು ಕಡೆದವು. 1893ರ ಫಾಂಗ್ ಯೂ ಟಿಂಗ್ ತೀರ್ಪು ಗಡೀಪಾರು ಶಿಕ್ಷೆಯಲ್ಲ ಎಂದಿತು. ಶಿಕ್ಷೆಯಲ್ಲವೆಂದ ಮೇಲೆ ಅಪರಾಧಿಗೆ ದಕ್ಕುವ ರಕ್ಷಣೆಗಳು ವಲಸಿಗನಿಗೆ ದಕ್ಕುವುದಿಲ್ಲ. ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೇಳುವ ಹಕ್ಕು ವಲಸೆಯ ಮೊಕದ್ದಮೆಗಳಲ್ಲಿ ಬೆಳೆಯದೇ ಹೋದದ್ದಕ್ಕೆ ಬೇರು ಇಲ್ಲಿದೆ. 1905ರ ಜು ಟಾಯ್ ತೀರ್ಪು ಬಂದರಿನ ಅಧಿಕಾರಿಯ ಮಾತನ್ನೇ ಹೆಚ್ಚುಕಡಿಮೆ ಕೊನೆಯ ಮಾತಾಗಿಸಿತು. ಅಲ್ಲಿಂದ ಮುಂದೆ ವಕೀಲರ ಕೆಲಸ ನ್ಯಾಯಾಲಯದ ವಾದದಿಂದ ಇಲಾಖೆಯ ಕಡತಕ್ಕೆ ಸರಿಯಿತು. ಈಗಲೂ ಅದು ಅಲ್ಲೇ ಇದೆ.

1910ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ಐಲೆಂಡಿನಲ್ಲಿ ತೆರೆದ ವಲಸೆ ಠಾಣೆಯಲ್ಲಿ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ಊರಿನ ಮನೆಗೆ ಎಷ್ಟು ಕಿಟಕಿ, ಬಾವಿ ಎಲ್ಲಿದೆ, ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಮದುವೆಗೆ ಯಾರು ಯಾರು ಬಂದಿದ್ದರು ಎಂಬ ಬಗೆಯ ಪ್ರಶ್ನೆಗಳು. ಎರಡು ಉತ್ತರ ತಾಳೆಯಾಗದಿದ್ದರೆ ಸಂಬಂಧವೇ ಸುಳ್ಳು. ವಿಚಾರಣೆಯ ಕೋಣೆಗೆ ವಕೀಲರಿಗೆ ಪ್ರವೇಶವಿರಲಿಲ್ಲ. ತೀರ್ಮಾನ ವಿರುದ್ಧವಾದ ಮೇಲೆ ದಾಖಲೆ ತರಿಸಿ ಓದಿ ಮೇಲ್ಮನವಿ ಬರೆಯಬಹುದಿತ್ತು. ಇಷ್ಟಾಗಿಯೂ ಚೀನೀ ಕುಟುಂಬಗಳು ಮೊದಲೇ ವಕೀಲರನ್ನು ಗೊತ್ತುಮಾಡಿಕೊಳ್ಳುತ್ತಿದ್ದವು. ಉತ್ತರಗಳನ್ನು ಬಾಯಿಪಾಠ ಮಾಡಿಸುವ ಚೀಟಿಗಳೂ ಹಡಗಿನಲ್ಲಿ ಓಡಾಡುತ್ತಿದ್ದವು. ನಿಜವಾದ ದಂಪತಿಗಳಿಗೂ ಆ ಚೀಟಿ ಬೇಕಾಗುತ್ತಿತ್ತು ಎಂಬುದನ್ನು ಮರೆಯಬಾರದು. ತನ್ನ ಮನೆಯ ಮೆಟ್ಟಿಲನ್ನು ಎಣಿಸಿ ನೆನಪಿಟ್ಟವರು ಎಷ್ಟು ಜನ?

ಜಪಾನೀ ವಧುಗಳ ಕತೆ ಬೇರೆ. ಜಪಾನಿನೊಂದಿಗೆ ಅಮೆರಿಕ ಮಾಡಿಕೊಂಡ 1907–08ರ ಒಪ್ಪಂದದ ನಂತರ ಕೂಲಿಗಳು ಬರುವುದು ನಿಂತರೂ ಹೆಂಡತಿಯರು ಬರಬಹುದಿತ್ತು. ಫೋಟೋ ನೋಡಿ ಒಪ್ಪಿ, ವರನಿಲ್ಲದೆಯೇ ಊರಿನಲ್ಲಿ ಮದುವೆ ನೋಂದಾಯಿಸಿಕೊಂಡು ಸಾವಿರಾರು ಹೆಣ್ಣುಮಕ್ಕಳು ಹಡಗು ಹತ್ತಿದರು. ಅಮೆರಿಕದ ಅಧಿಕಾರಿಗಳು ಆ ಮದುವೆಯನ್ನು ಒಪ್ಪದೆ, ಬಂದರಿನಲ್ಲೇ ಇನ್ನೊಮ್ಮೆ ಮದುವೆ ಮಾಡಿಸುತ್ತಿದ್ದದ್ದೂ ಉಂಟು. 1920ರಲ್ಲಿ ಜಪಾನ್ ಸರ್ಕಾರವೇ ಇದನ್ನು ನಿಲ್ಲಿಸಿತು.

ಸಂಗಾತಿಯನ್ನು ಕರೆಸಿಕೊಳ್ಳಲು ಹಾಕುವ ಇಂದಿನ ಅರ್ಜಿಯ ಮೂಲಪುರುಷ 1924ರ ಕಾಯಿದೆ. ದೇಶವಾರು ಕೋಟಾ ತಂದ ಈ ಕಾಯಿದೆ ಅಮೆರಿಕದ ಪ್ರಜೆಯ ಹೆಂಡತಿಯನ್ನು ಕೋಟಾದ ಹೊರಗಿಟ್ಟಿತು, ಆದರೆ ಗಂಡ ಮೊದಲು ವಾಷಿಂಗ್ಟನ್ನಿಗೆ ಅರ್ಜಿ ಹಾಕಿ ಸಂಬಂಧವನ್ನು ರುಜುವಾತುಪಡಿಸಬೇಕು ಎಂದಿತು. ಫೋಟೋ ಮದುವೆಗೂ ಬದಲಿ ವರನನ್ನಿಟ್ಟು ಮಾಡಿದ ಮದುವೆಗೂ ಮಾನ್ಯತೆಯಿಲ್ಲ ಎಂದೂ ಬರೆಯಿತು. ಪೌರತ್ವಕ್ಕೆ ಅನರ್ಹರಾದ ಏಷ್ಯನ್ನರಿಗೆ ಬಾಗಿಲು ಮುಚ್ಚಿತು. ಇದರಿಂದ ಆದ ವಿಪರೀತವನ್ನು 1925ರ ಮೇ 25ರಂದು ಹೊರಬಿದ್ದ ಎರಡು ತೀರ್ಪುಗಳಲ್ಲಿ ಕಾಣಬಹುದು. ಚೀನೀ ವ್ಯಾಪಾರಿಯ ಹೆಂಡತಿ ಚೀನಾದೊಂದಿಗಿನ ಹಳೆಯ ಒಪ್ಪಂದದ ಬಲದಿಂದ ಒಳಬರಬಹುದು ಎಂದು ಸುಪ್ರೀಂ ಕೋರ್ಟು ಒಂದರಲ್ಲಿ ಹೇಳಿತು. ಅಮೆರಿಕದ ಪ್ರಜೆಯೇ ಆದ ಚೀನೀಯನ ಹೆಂಡತಿ ಬರುವಂತಿಲ್ಲ ಎಂದು ಇನ್ನೊಂದರಲ್ಲಿ ಹೇಳಿತು. ದೇಶದ ಮಗನಿಗಿಂತ ಅಂಗಡಿಯವನೇ ವಾಸಿ ಎಂಬಂತಾದ ಈ ಸ್ಥಿತಿಯನ್ನು 1930ರಲ್ಲಿ ಸ್ವಲ್ಪ ಸಡಿಲಿಸಿ, 1924ರ ಕಾಯಿದೆಗೆ ಮುಂಚೆ ಮದುವೆಯಾಗಿದ್ದ ಹೆಂಡತಿಯರಿಗೆ ದಾರಿ ಬಿಟ್ಟರು.

ಭಾರತೀಯರ ಸರದಿ ಬಂದದ್ದೂ ಈ ಹೊತ್ತಿನಲ್ಲೇ. ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ ಎಂದು 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ತೀರ್ಪಾಯಿತು. ಹಿಂದಿನ ವರ್ಷವಷ್ಟೇ ಬಂದಿದ್ದ ಕೇಬಲ್ ಕಾಯಿದೆ ಹೆಂಗಸರಿಗೆ ಸ್ವತಂತ್ರ ಪೌರತ್ವ ಕೊಟ್ಟಿತ್ತಾದರೂ, ಪೌರತ್ವಕ್ಕೆ ಅನರ್ಹನಾದವನನ್ನು ಮದುವೆಯಾದವಳಿಗೆ ಆ ಭಾಗ್ಯವಿರಲಿಲ್ಲ. ಕ್ರಾಂತಿಕಾರಿ ತಾರಕನಾಥ ದಾಸರ ಪತ್ನಿ ಮೇರಿ ದಾಸ್ ಅಮೆರಿಕದಲ್ಲೇ ಹುಟ್ಟಿದವಳಾದರೂ ಹೀಗೆ ಪೌರತ್ವಕ್ಕೆ ಎರವಾದಳು. ಥಿಂಡ್ ಪರ ವಾದಿಸಿದ್ದ ಸಖಾರಾಮ ಗಣೇಶ ಪಂಡಿತ್ 1914ರಲ್ಲಿ ಪೌರತ್ವ ಪಡೆದು ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ನಡೆಸುತ್ತಿದ್ದವರು, ಬಿಳಿಯ ಅಮೆರಿಕನ್ ಮಹಿಳೆಯನ್ನು ಮದುವೆಯಾದವರು. ಸರ್ಕಾರ ಅವರ ಪೌರತ್ವವನ್ನೂ ಕಿತ್ತುಕೊಳ್ಳಲು ಹೊರಟಿತು. ಪೌರತ್ವ ಹೋದರೆ ವಕೀಲಿಯೂ ಹೋಗುತ್ತದೆ, ಹೆಂಡತಿಯ ಪೌರತ್ವವೂ ಹೋಗುತ್ತದೆ. 1914ರಲ್ಲಿ ನ್ಯಾಯಾಲಯ ವಿಚಾರಿಸಿ ಕೊಟ್ಟ ತೀರ್ಮಾನದ ಮೇಲೆ ಸರ್ಕಾರ ಆಗ ಮೇಲ್ಮನವಿ ಹಾಕಲಿಲ್ಲ, ಮುಗಿದ ವ್ಯಾಜ್ಯವನ್ನು ಈಗ ಕೆದಕುವಂತಿಲ್ಲ ಎಂಬ ವಾದ 1926ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. ಮರುವರ್ಷ ಸುಪ್ರೀಂ ಕೋರ್ಟು ಸರ್ಕಾರದ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಜನಾಂಗ, ನ್ಯಾಯ, ಸಮಾನತೆಯಂಥ ದೊಡ್ಡ ಮಾತುಗಳು ಥಿಂಡ್ ಮೊಕದ್ದಮೆಯಲ್ಲಿ ಸೋತಿದ್ದವು. ಪಂಡಿತರ ಮನೆಯನ್ನು ಉಳಿಸಿದ್ದು ಬರೀ ಕಾರ್ಯವಿಧಾನದ ಒಂದು ಎಳೆ. ಇಂಥ ಎಳೆ ಹಿಡಿಯಲು ಕಾನೂನು ಓದಿದ ಕಣ್ಣೇ ಬೇಕು.

ಎರಡನೆಯ ಮಹಾಯುದ್ಧ ಮುಗಿದಾಗ ಹೊರನಾಡುಗಳಲ್ಲಿ ಮದುವೆಯಾದ ಸೈನಿಕರ ಸಂಖ್ಯೆ ದೊಡ್ಡದಿತ್ತು. 1945ರ ಡಿಸೆಂಬರಿನ ಯುದ್ಧವಧುಗಳ ಕಾಯಿದೆ ಅವರ ಹೆಂಡತಿ ಮಕ್ಕಳಿಗೆ ಬಾಗಿಲು ತೆರೆಯಿತು. ವಲಸೆ ವಕೀಲರ ರಾಷ್ಟ್ರೀಯ ಸಂಘ ಹುಟ್ಟಿದ್ದು ಮರುವರ್ಷ, 19 ಮಂದಿ ಸದಸ್ಯರಿಂದ. ಹೆಚ್ಚಿನ ಯುದ್ಧವಧುಗಳಿಗೆ ವಕೀಲರು ಬೇಕಾಗಲಿಲ್ಲ, ಸೈನ್ಯವೇ ಅವರನ್ನು ಹಡಗಿನಲ್ಲಿ ಕರೆತಂದಿತು. ಬೇಕಾದವರಿಗೆ ಮಾತ್ರ ಬಹಳ ಬೇಕಾಯಿತು. ಜರ್ಮನಿಯಲ್ಲಿ ಹುಟ್ಟಿ, ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಸೇವೆಯಲ್ಲಿದ್ದ ಎಲೆನ್ ನಾಫ್ ಅಮೆರಿಕದ ಮಾಜಿ ಸೈನಿಕನನ್ನು ಮದುವೆಯಾಗಿ 1948ರ ಆಗಸ್ಟಿನಲ್ಲಿ ನ್ಯೂಯಾರ್ಕಿಗೆ ಬಂದಳು. ಆಕೆಯನ್ನು ಎಲಿಸ್ ಐಲೆಂಡಿನಲ್ಲಿ ತಡೆದರು. ಕಾರಣ ಗುಟ್ಟು, ವಿಚಾರಣೆ ಇಲ್ಲ. ದೇಶದೊಳಗೆ ಕಾಲಿಡದ ಪರಕೀಯರಿಗೆ ಸಂಸತ್ತು ಗೊತ್ತುಮಾಡಿದ ವಿಧಾನವೇ ನ್ಯಾಯ ಎಂದು 1950ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು, ಮೂವರು ಒಪ್ಪಲಿಲ್ಲ. ಆಕೆಯ ವಕೀಲರು ಬಿಡಲಿಲ್ಲ. ಪತ್ರಿಕೆಗಳು ಬರೆದವು, ಆಕೆಯ ಪರವಾಗಿ ಸಂಸತ್ತಿನಲ್ಲಿ ಮಸೂದೆಗಳು ಬಂದವು. ಆಕೆಯನ್ನು ದೇಶದಿಂದ ಹೊರಗೆ ಕಳಿಸಲು ಹೊರಟಾಗ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ತಡೆಯಾಜ್ಞೆ ಕೊಟ್ಟರು. ಕೊನೆಗೆ ವಿಚಾರಣೆ ನಡೆದು, ಗುಟ್ಟಿನ ಆರೋಪಗಳು ಕೇಳಿಬಂದ ಮಾತುಗಳಷ್ಟೇ ಎಂದು ತೇಲಿ, 1951ರ ನವೆಂಬರಿನಲ್ಲಿ ಆಕೆ ಗಂಡನ ದೇಶದೊಳಕ್ಕೆ ಕಾಲಿಟ್ಟಳು.

1952ರ ಕಾಯಿದೆ ಗಂಡಂದಿರಿಗೂ ಹೆಂಡತಿಯರಷ್ಟೇ ಸೌಲಭ್ಯ ಕೊಟ್ಟಿತು. ಗಡೀಪಾರಿನ ವಿಚಾರಣೆಯಲ್ಲಿ ವಕೀಲರನ್ನಿಟ್ಟುಕೊಳ್ಳುವ ಅವಕಾಶವುಂಟು, ಆದರೆ ಸರ್ಕಾರದ ಖರ್ಚಿನಲ್ಲಲ್ಲ ಎಂಬ ಸಾಲನ್ನೂ ಅದು ಬರೆಯಿತು. ವಕೀಲರು ಬೇಕೋ ಬೇಡವೋ ಎಂಬ ತೀರ್ಮಾನ ಇಂದಿಗೂ ದಂಪತಿಗಳ ಜೇಬಿಗೆ ಸೇರಿದ್ದಾಗಿ ಉಳಿದಿರುವುದು ಆ ಸಾಲಿನಿಂದ.

ಅನುಮಾನದ ಕಾಲ ಆಗಲೇ ಶುರುವಾಗಿತ್ತು. ನಿರಾಶ್ರಿತರನ್ನು ಒಳತರಲೆಂದು ಪ್ಯಾರಿಸ್ಸಿನಲ್ಲಿ ಹೆಸರಿಗಷ್ಟೇ ಮದುವೆಯಾದ ಮಾಜಿ ಸೈನಿಕರ ಲುಟ್ವಾಕ್ ಪ್ರಕರಣದಲ್ಲಿ, ಕೂಡಿ ಬಾಳುವ ಉದ್ದೇಶವೇ ಇಲ್ಲದ ಮದುವೆಯ ಕಾಗದ ತೋರಿಸಿ ಪ್ರವೇಶ ಪಡೆಯುವುದು ವಂಚನೆ ಎಂದು 1953ರಲ್ಲಿ ತೀರ್ಮಾನವಾಯಿತು. 1975ರ ಬಾರ್ಕ್ ತೀರ್ಪು ಒರೆಗಲ್ಲನ್ನು ಇನ್ನಷ್ಟು ಖಚಿತಗೊಳಿಸಿತು: ನೋಡಬೇಕಾದದ್ದು ಮದುವೆಯ ಹೊತ್ತಿನ ಮನಸ್ಸನ್ನು, ಆಮೇಲೆ ಬೇರೆಯಾದರೇ ಎಂಬುದನ್ನಲ್ಲ. ಇಬ್ಬರ ಮನಸ್ಸನ್ನು ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್ಕು, ಫೋಟೋಗಳಿಂದ ಅಳೆಯುವ ಪದ್ಧತಿ ಹೀಗೆ ನೆಲೆಯಾಯಿತು. ನ್ಯೂಯಾರ್ಕಿನಲ್ಲಿ ಇಂಥ ವಿಚಾರಣೆಗಳ ವಿರುದ್ಧ ಹೂಡಿದ್ದ ಸ್ಟೋಕ್ಸ್ ಮೊಕದ್ದಮೆ 1976ರಲ್ಲಿ ರಾಜಿಯಲ್ಲಿ ಮುಗಿದು, ವಕೀಲರನ್ನು ಕರೆತರಬಹುದೆಂದು ದಂಪತಿಗಳಿಗೆ ಮೊದಲೇ ತಿಳಿಸುವುದೂ ಸೇರಿದಂತೆ ಕೆಲವು ರಕ್ಷಣೆಗಳು ಬಂದವು. ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಕೇಳುವ ಸಂದರ್ಶನಕ್ಕೆ ಇಂದಿಗೂ ಸ್ಟೋಕ್ಸ್ ಎಂದೇ ಹೆಸರು. ಏಂಜಲ್ ಐಲೆಂಡಿನ ಕಿಟಕಿ ಬಾವಿಗಳ ಜಾಗದಲ್ಲಿ ಮಂಚದ ಯಾವ ಬದಿ, ಹಲ್ಲುಜ್ಜುವ ಬ್ರಶ್ಶಿನ ಬಣ್ಣ ಎಂಬ ಪ್ರಶ್ನೆಗಳು ಬಂದವು, ಅಷ್ಟೇ ವ್ಯತ್ಯಾಸ. ಈಗ ವಕೀಲರು ಪಕ್ಕದಲ್ಲಿ ಕೂರಬಹುದು. ಉತ್ತರ ಮಾತ್ರ ದಂಪತಿಗಳೇ ಕೊಡಬೇಕು.

ಮದುವೆಗಳಲ್ಲಿ ನೂರಕ್ಕೆ ಮೂವತ್ತು ಮೋಸದವು ಎಂದು ವಲಸೆ ಇಲಾಖೆ 1985ರಲ್ಲಿ ಸಂಸತ್ತಿನ ಮುಂದೆ ಹೇಳಿಕೊಂಡಿತು. ಆ ಸಮೀಕ್ಷೆ ಶಾಸ್ತ್ರೀಯವಾಗಿರಲಿಲ್ಲ ಎಂಬುದು ಹೊರಬೀಳುವ ಹೊತ್ತಿಗೆ 1986ರ ಕಾಯಿದೆ ಜಾರಿಯಾಗಿತ್ತು. ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಷರತ್ತಿನ ಗ್ರೀನ್ ಕಾರ್ಡ್, ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಇನ್ನೊಂದು ಅರ್ಜಿ, ಮೋಸಕ್ಕೆ ಐದು ವರ್ಷದವರೆಗೆ ಸೆರೆ. ಮೋಸದ ಮದುವೆ ಎಂದು ಒಮ್ಮೆ ಕಡತದಲ್ಲಿ ದಾಖಲಾದರೆ ಮುಂದೆ ನಿಜವಾದ ಮದುವೆಯಾದರೂ ಆ ವ್ಯಕ್ತಿಗೆ ಸಂಗಾತಿಯ ಅರ್ಜಿ ಮಂಜೂರಾಗುವುದಿಲ್ಲ. 1996ರ ಕಾಯಿದೆ ಇನ್ನೊಂದು ಗಂಟು ಹಾಕಿತು: ಅನುಮತಿಯಿಲ್ಲದೆ 180 ದಿನಕ್ಕೂ ಹೆಚ್ಚು ಉಳಿದು ದೇಶ ಬಿಟ್ಟವರಿಗೆ ಮೂರು ವರ್ಷ, ಒಂದು ವರ್ಷ ಉಳಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಅಲ್ಲಿಯವರೆಗೆ ನಮೂನೆ ತುಂಬುವ ಕೆಲಸವಾಗಿದ್ದದ್ದು ಈ ಎರಡು ಕಾಯಿದೆಗಳಿಂದ ಲೆಕ್ಕ ತಪ್ಪಿದರೆ ಸಂಸಾರವೇ ತಪ್ಪುವ ಕೆಲಸವಾಯಿತು.

ವಕೀಲರ ಶುಲ್ಕ ಭರಿಸಲಾಗದವರ ಸುತ್ತ ಬೇರೆ ವ್ಯಾಪಾರಗಳೂ ಬೆಳೆದವು. ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ‘ನೊಟಾರಿಯೊ’ ಎಂದರೆ ಕಾನೂನು ಓದಿದ ದೊಡ್ಡ ಮನುಷ್ಯ. ಅಮೆರಿಕದಲ್ಲಿ ನೋಟರಿ ಎಂದರೆ ಸಹಿಗೆ ಸಾಕ್ಷಿಯಾಗಿ ಮೊಹರು ಒತ್ತುವವನು. ಈ ಒಂದು ಪದದ ಗೊಂದಲದಲ್ಲಿ ಹಣವನ್ನೂ ವೀಸಾವನ್ನೂ ಕಳೆದುಕೊಂಡ ಕುಟುಂಬಗಳಿಗೆ ಲೆಕ್ಕವಿಲ್ಲ. ವಕೀಲರಲ್ಲದಿದ್ದರೂ ಸರ್ಕಾರದ ಮಾನ್ಯತೆ ಪಡೆದ ಸೇವಾಸಂಸ್ಥೆಗಳ ಪ್ರತಿನಿಧಿಗಳು ಕಡಿಮೆ ಖರ್ಚಿನಲ್ಲಿ ಅರ್ಜಿ ನಡೆಸುವ ವ್ಯವಸ್ಥೆಯೂ ಉಂಟು. ವಕೀಲರಾಗಲಿ ಈ ಪ್ರತಿನಿಧಿಗಳಾಗಲಿ ಸಲ್ಲಿಸಬೇಕಾದ ಜಿ-28 ನಮೂನೆ ನಮ್ಮ ಕೋರ್ಟುಗಳ ವಕಾಲತ್ತಿನಂಥದ್ದು. ದುಡ್ಡು ತೆಗೆದುಕೊಂಡೂ ಅದಕ್ಕೆ ಸಹಿ ಹಾಕಲೊಲ್ಲದವರನ್ನು ನಂಬುವುದು ಕಷ್ಟ.

1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕೂ ವರ್ಷಕ್ಕೆ ಸುಮಾರು ನೂರರ ಕೋಟಾವೂ ಸಿಕ್ಕಿತು. 1965ರ ಕಾಯಿದೆ ದೇಶವಾರು ಕೋಟಾವನ್ನೇ ತೆಗೆಯಿತು. ಕರ್ನಾಟಕದಿಂದ ಹೋದ ಡಾಕ್ಟರು, ಎಂಜಿನಿಯರುಗಳು ಊರಿಗೆ ಬಂದು ಮದುವೆಯಾಗಿ ಸಂಗಾತಿಯನ್ನು ಕರೆಸಿಕೊಳ್ಳುವ ಕ್ರಮ ಆಮೇಲಿನದು. ಇವರ ಕಡತಗಳ ತೊಡಕುಗಳಿಗೆ ತಮ್ಮದೇ ಬಣ್ಣವಿದೆ. ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು. ಹಳ್ಳಿಯಲ್ಲಿ ಹುಟ್ಟಿದವರ ಜನನ ನೋಂದಣಿಯೇ ಇಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ. ಲಗ್ನಪತ್ರಿಕೆ, ಧಾರೆಯ ಫೋಟೋ ಇದ್ದರೂ ಉಪನೋಂದಣಾಧಿಕಾರಿಯ ಪ್ರಮಾಣಪತ್ರ ಮಾಡಿಸಿರುವುದಿಲ್ಲ. ಇಂಥದ್ದಕ್ಕೆ ಅಮೆರಿಕದ ವಕೀಲರಿಗಿಂತ ತಾಲ್ಲೂಕು ಕಚೇರಿಯ ಗುಮಾಸ್ತರೇ ಹೆಚ್ಚು ಒದಗುತ್ತಾರೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಂಡ ಮದುವೆಯ ಮಾತು ಬೇರೆ. 1955ರ ಹಿಂದೂ ವಿವಾಹ ಕಾಯಿದೆ ಇವನ್ನು ನಿಷಿದ್ಧ ಸಂಬಂಧಗಳ ಸಾಲಿಗೆ ಸೇರಿಸಿ, ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿದೆ. ಮದುವೆ ನಡೆದ ನೆಲದಲ್ಲಿ ಸಿಂಧುವಾದದ್ದು ಅಮೆರಿಕದಲ್ಲೂ ಸಿಂಧು ಎಂಬುದು ಅಲ್ಲಿನ ಸಾಮಾನ್ಯ ನಿಯಮವಾದರೂ, ದಂಪತಿಗಳು ನೆಲೆಸುವ ರಾಜ್ಯದ ನೀತಿ ಅಡ್ಡಬರುವುದುಂಟು. ಎರಡು ದೇಶಗಳ ಕಾನೂನು ತೆಕ್ಕೆ ಹಾಕಿಕೊಳ್ಳುವ ಇಂಥ ಕಡೆ ವಕೀಲರ ಶುಲ್ಕ ದುಬಾರಿಯೆನಿಸದು.

ಇಬ್ಬರಿಗೂ ಮೊದಲ ಮದುವೆ, ವೀಸಾ ನಿಯಮ ಮೀರಿದ್ದಿಲ್ಲ, ಪೊಲೀಸ್ ಕೇಸಿಲ್ಲ, ಕಾನೂನು ಕೇಳುವಷ್ಟು ವರಮಾನವಿದೆ ಎಂದಾದರೆ ಸರ್ಕಾರದ ಸೂಚನೆಗಳನ್ನು ಓದಿ ತಾವೇ ಅರ್ಜಿ ಹಾಕಿ ಗ್ರೀನ್ ಕಾರ್ಡ್ ಪಡೆದ ದಂಪತಿಗಳು ಯಾವ ದಶಕದಲ್ಲೂ ಬೇಕಾದಷ್ಟಿದ್ದಾರೆ. ಅವಧಿ ಮೀರಿದ ವಾಸ, ಹಳೆಯ ಗಡೀಪಾರು ಆದೇಶ, ಬಂಧನ, ಹಿಂದೆ ತಿರಸ್ಕೃತವಾದ ಮದುವೆಯ ಅರ್ಜಿ, ಇವುಗಳಲ್ಲಿ ಒಂದಿದ್ದರೂ ಒಬ್ಬರೇ ಮುನ್ನುಗ್ಗುವುದು ಅವಿವೇಕ.

ವಕೀಲರಿಂದಲೂ ಆಗದ ಕೆಲಸವೊಂದಿದೆ. ಕಾನ್ಸುಲೇಟಿನ ಅಧಿಕಾರಿ ವೀಸಾ ನಿರಾಕರಿಸಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಎಲ್ ಸಾಲ್ವಡಾರಿನ ಗಂಡನಿಗೆ 2015ರಲ್ಲಿ ವೀಸಾ ಸಿಗದಿದ್ದಾಗ, ಮೈಮೇಲಿನ ಹಚ್ಚೆಗಳು ಯಾವ ಗೂಂಡಾ ಗುಂಪಿನವೂ ಅಲ್ಲವೆಂದು ತಜ್ಞರಿಂದ ಹೇಳಿಸಿ ಸ್ಯಾಂಡ್ರಾ ಮುನೋಸ್ ಎಂಬ ಅಮೆರಿಕದ ಪ್ರಜೆ ಹೋರಾಡಿದರು. ಪರಕೀಯ ಸಂಗಾತಿಯನ್ನು ದೇಶಕ್ಕೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದು 2024ರ ಜೂನ್ 21ರಂದು ಸುಪ್ರೀಂ ಕೋರ್ಟು 6–3ರಿಂದ ತೀರ್ಪಿತ್ತಿತು. ಮುನೋಸ್ ಸ್ವತಃ ಲಾಸ್ ಏಂಜಲಿಸ್ಸಿನಲ್ಲಿ ಕಾರ್ಮಿಕರ ಪರ ವಾದಿಸುವ ವಕೀಲೆ.