ಗಡಿ ದಾಟಿ ಉಳಿದ ಮಾದಪ್ಪನ ಹಾದಿ

ಶಿವರಾತ್ರಿ ಹತ್ತಿರವಾಯಿತೆಂದರೆ ಕೊಳ್ಳೇಗಾಲ–ಹನೂರು ರಸ್ತೆಯಲ್ಲಿ ‘ಉಘೇ ಮಾದಪ್ಪ’ ಎಂಬ ಕೂಗು ಕೇಳಿಬರುತ್ತದೆ. ಗಂಟುಮೂಟೆ ಹೊತ್ತ ಭಕ್ತರ ಗುಂಪುಗಳು ಮಲೆ ಮಹದೇಶ್ವರ ಬೆಟ್ಟದತ್ತ ಹೆಜ್ಜೆ ಹಾಕುತ್ತವೆ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಬಸ್ಸುಗಳಿವೆ. ಆದರೂ ಹರಕೆ ಹೊತ್ತವರು ನಡೆದೇ ಹೋಗುತ್ತಾರೆ.

ಈ ನಡಿಗೆ ಒಂದು ಕಾಲಕ್ಕೆ ಎರಡು ಆಡಳಿತಗಳ ನಡುವಿನ ಗಡಿಯನ್ನು ದಾಟುತ್ತಿತ್ತು ಎಂಬುದು ಇಂದು ಹಲವರಿಗೆ ತಿಳಿಯದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿಯಿತು; 1807ರಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಯಳಂದೂರು, ಮಳವಳ್ಳಿ, ಕನಕಪುರ ಕಡೆಯ ಒಕ್ಕಲುಗಳು ತಮ್ಮ ಮನೆದೇವರನ್ನು ಕಾಣಲು ಮೈಸೂರು ಸೀಮೆಯಿಂದ ಮದ್ರಾಸಿನ ನೆಲಕ್ಕೆ ಕಾಲಿಡಬೇಕಾಯಿತು.

ಗಡಿ ಬಿದ್ದರೂ ನಂಟು ಕಡಿಯಲಿಲ್ಲ. ಅದಕ್ಕೆ ಮುಖ್ಯ ಕಾರಣ ಕಂಸಾಳೆಯ ದೇವರಗುಡ್ಡರು. ಸಂಕಮ್ಮನ ಸಂಕಟ, ಬೇವಿನಹಟ್ಟಿ ಕಾಳಮ್ಮನ ಗರ್ವಭಂಗ, ಆಲಂಬಾಡಿ ಜುಂಜೇಗೌಡನ ಭಕ್ತಿ ಇವೆಲ್ಲವನ್ನೂ ಅವರು ಊರೂರಿನಲ್ಲಿ ಕನ್ನಡದಲ್ಲೇ ಹಾಡಿದರು. ಕಚೇರಿಗಳು ಬೇರೆಯಾದರೂ ಕಥೆ ಒಂದೇ ಆಗಿತ್ತು. 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು.

ಹಾದಿ ಒಂದೇ ಅಲ್ಲ. ಕನಕಪುರ ಕಡೆಯವರು ಸಂಗಮದ ಬಳಿ ಕಾವೇರಿಯಲ್ಲಿಳಿದು, ಕಾಡು ಹಾಯ್ದು, ಶಾಗ್ಯದ ಮೂಲಕ ಹನೂರು ಸೇರುತ್ತಾರೆ. ಕೊಳ್ಳೇಗಾಲದಿಂದ ಹೊರಟವರಿಗೆ ಕಾಮಗೆರೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಹೋಲಿ ಕ್ರಾಸ್ ಆಸ್ಪತ್ರೆ ಎದುರಾಗುತ್ತದೆ. ಹನೂರಿನಾಚೆ ಮಾರ್ಟಳ್ಳಿ ಸೀಮೆಯಲ್ಲಿ ತಮಿಳು ಮನೆಮಾತಿನ ಕ್ಯಾಥೊಲಿಕ್ ಕುಟುಂಬಗಳೂ ಅವರ ಚರ್ಚೂ ಇವೆ. ಎರಡು ನುಡಿ, ಹಲವು ನಂಬಿಕೆಗಳು ಈ ಸೀಮೆಯಲ್ಲಿ ಅಕ್ಕಪಕ್ಕದಲ್ಲೇ ಬಾಳಿವೆ.

ಕೌದಳ್ಳಿ ದಾಟಿ ತಾಳಬೆಟ್ಟ ತಲುಪಿದರೆ ಮುಂದೆ ಏರುದಾರಿ, ದಟ್ಟ ಕಾಡು. 2013ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಮಾದಪ್ಪನ ವಾಹನವೇ ಹುಲಿ. ಆ ಹುಲಿಯ ಕಾಡಿನಲ್ಲಿ ಪ್ಲಾಸ್ಟಿಕ್ ಎಸೆಯದೆ, ಬೆಂಕಿ ಹಚ್ಚದೆ ನಡೆಯುವುದೂ ಹರಕೆಯ ಭಾಗವೆಂದು ಭಕ್ತರು ತಿಳಿದರೆ, ಗಡಿಗಳನ್ನೇ ದಾಟಿ ಉಳಿದ ಈ ಹಾದಿ ಮುಂದಿನವರಿಗೂ ಉಳಿದೀತು.